ಮಾದಮ್ಮ ಬಿಟ್ಟುಕೊಟ್ಟ ಮಣ್ಣು

ಬೇಸಿಗೆಯಲ್ಲಿ ಮೆಟ್ಟೂರು ಜಲಾಶಯದ ನೀರು ಹಿಂದೆ ಸರಿದಾಗ ಧರ್ಮಪುರಿ ಜಿಲ್ಲೆಯ ನಾಗಮರೆಯ ಕಡೆ ಅಗಲವಾದ ನೆಲ ತೆರೆದುಕೊಳ್ಳುತ್ತದೆ. ಮಾದಮ್ಮ ಪ್ರತಿ ವರ್ಷ ತಮ್ಮ ಕುರಿಗಳನ್ನು ಅಲ್ಲಿಗೆ ಇಳಿಸುತ್ತಾರೆ. ನಾನು ಅವರನ್ನು ಕಂಡದ್ದು ಅಲ್ಲೇ. ನಾನೂ ಧರ್ಮಪುರಿಯವಳೇ ಆದ್ದರಿಂದ ಅವರನ್ನು ದೊಡ್ಡಮ್ಮ ಎನ್ನಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಕೆಸರಿನ ಪದರಗಳ ವಯಸ್ಸು ಕಂಡುಹಿಡಿಯುವ ನಮ್ಮ ಕೆಲಸ ನಿಜವಾಗಿ ಸಮುದ್ರ ತೀರದ್ದು. ಹಿಂದೆ ದೊಡ್ಡ ದೇಶಗಳು ಬಯಲಿನಲ್ಲಿ ಅಣುಬಾಂಬುಗಳನ್ನು ಸಿಡಿಸಿ ಪರೀಕ್ಷಿಸಿದಾಗ ಎದ್ದ ದೂಳು ಮಳೆಯೊಂದಿಗೆ ಭೂಮಿಯ ಮೇಲೆಲ್ಲ ಬಿದ್ದಿತು. ಅದರಲ್ಲಿದ್ದ ಸೀಸಿಯಂ ಎಂಬ ವಿಕಿರಣಶೀಲ ಧಾತು ಜೇಡಿಮಣ್ಣಿಗೆ ಅಂಟಿಕೊಳ್ಳುತ್ತದೆ. ಅತಿ ಹೆಚ್ಚು ಬಿದ್ದದ್ದು 1963ರ ಸುಮಾರಿಗೆ. ಕೆಸರಿನ ಯಾವ ಪದರದಲ್ಲಿ ಅದು ಅತಿ ಹೆಚ್ಚಿದೆಯೋ ಆ ಪದರ ಆ ವರ್ಷದ್ದು. ಕಾವೇರಿ ಕಡಲು ಸೇರುವಲ್ಲಿ ಅಲೆ, ಹುಳು, ಬಲೆ ಎಲ್ಲ ಸೇರಿ ಪದರಗಳನ್ನು ಕಲಕಿದ್ದವು. ಅದೇ ನದಿಯ ಕಲಕದ ಕೆಸರು ಎಲ್ಲಾದರೂ ಸಿಕ್ಕರೆ ಹೋಲಿಸಿ ನೋಡಬಹುದಿತ್ತು.

ಜಲಾಶಯದ ಅಂಚಿನಲ್ಲಿ ಹೆಚ್ಚಿನ ನೆಲವನ್ನು ಉತ್ತಿದ್ದರು. ಉಳಿದ ಒಂದು ಹಸಿ ತುಂಡನ್ನು ಗುರುತು ಮಾಡಿ, "ಈ ಮಣ್ಣು ನಮಗೆ ಬಹಳ ಮುಖ್ಯ, ಚೆನ್ನಾಗಿ ನೋಡ್ಕೊಳ್ಳಿ ದೊಡ್ಡಮ್ಮ" ಎಂದು ಹೇಳಿ ಹೋಗಿದ್ದೆ. ಸಹೋದ್ಯೋಗಿ ಮಣಿಕಂಠನ್ ಜೊತೆ, ಪದರ ಕಲಕದಂತೆ ಕೆಸರನ್ನು ಎತ್ತುವ ಕೊಳವೆ ಹೊತ್ತು ಮರಳಿದಾಗ ಮಾದಮ್ಮ ಎದುರಿಗೇ ಬಂದರು.

"ಬಾ ಕಣ್ಣು. ನೀನು ಏಳ್ದಂಗೇ ನೋಡ್ಕೊಂಡಿವ್ನಿ. ರಾತ್ರಿಯೆಲ್ಲಾ ಅಲ್ಲೇ ಪಟ್ಟಿ ಆಕ್ಸಿದ್ದೆ. ನಿನ್ ಮಣ್ಣು ಈಗ ಬಂಗಾರ!"

ಪಟ್ಟಿ ಎಂದರೆ ರಾತ್ರಿ ಕುರಿಗಳನ್ನು ಹೊಲದಲ್ಲಿ ಕೂಡಿಹಾಕಿ ಗೊಬ್ಬರ ಬೀಳಿಸುವುದು. ಈ ಕಡೆ ಮಣ್ಣನ್ನು ಚೆನ್ನಾಗಿ ನೋಡಿಕೊಳ್ಳುವುದೆಂದರೆ ಇದೇ. ಬೇರೆಯವರು ಕೇಳಿಕೊಂಡು ಹಾಕಿಸುವುದನ್ನು ಅವರು ನಮಗಾಗಿ ತಾವಾಗಿ ಮಾಡಿದ್ದರು. ಹಸಿ ಕೆಸರನ್ನು ಇಡೀ ಮಂದೆ ತುಳಿದು ಅಂಬಲಿ ಮಾಡಿತ್ತು.

"ಮುಡಿಂಜುದು," ಎಲ್ಲ ಮುಗಿಯಿತು ಎಂದು ಮಣಿಕಂಠನ್ ಕೊಳವೆಯ ಮೇಲೇ ಕುಳಿತರು. ನದಿಯ ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟಾಗಿತ್ತು. ಕೆಲವೇ ದಿನಗಳಲ್ಲಿ ಎಲ್ಲವೂ ಮುಳುಗುವುದಿತ್ತು.

"ಯಾಕೆ ಮೊಕ ಇಂಗಾಯ್ತು? ಕುರಿ ಇಕ್ಕೆ ವಾಸ್ನೆಗಾ?"

ಪದರಗಳ ವಿಷಯ ಹೇಳಿದೆ. ಅವರು ಕೆನ್ನೆಗೆ ಕೈ ಹಚ್ಚಿದರು. "ಅಯ್ಯೋ, ತಲೆ ಬಾಚು ಅಂದ್ರೆ ಬೋಳ್ಸಿ ಕಳಿಸ್ದಂಗಾಯ್ತಲ್ಲ!" ಎಂದು ನಕ್ಕರು. ಆಮೇಲೆ ನೀರಿನ ಅಂಚಿನ ಕಡೆ ಕೈ ತೋರಿಸಿ, "ಅಲ್ಲಿ ತಗೊಳ್ಳಿ" ಎಂದರು.

ಅಲ್ಲಿ ಸಾಲುಗಲ್ಲುಗಳು ಕಾಣುತ್ತಿದ್ದವು. ಬಾಂಬುಗಳಿಗೂ ಮುಂಚೆ, 1934ರ ಸುಮಾರಿಗೆ, ಅಣೆಕಟ್ಟು ತುಂಬಿದಾಗ ಮುಳುಗಿದ ಊರಿನಲ್ಲಿದ್ದ ಅವರ ಮನೆದೇವರ ಅಂಗಳ ಅದು. ದೇವರನ್ನು ದಡದ ಗುಡಿಗೆ ತಂದಾಗಿದ್ದರೂ ಆ ಜಾಗವನ್ನು ಈ ಮನೆತನದವರು ಉಳುವುದಿಲ್ಲ, ಕುರಿ ಬಿಡುವುದಿಲ್ಲ.

ಅಲ್ಲೇ ಇದ್ದ ಅವರ ಮೈದುನ ಎಲ್ಲಪ್ಪ ಅಡ್ಡ ಬಂದರು. "ಅತ್ತಿಗೆ, ತಲೆ ಕೆಟ್ಟೈತಾ? ಸಾಮಿ ನೆಲಕ್ಕೆ ಪೈಪ್ ಇಳಿಸ್ತಾರಾ?"

"ಉಳಬ್ಯಾಡಿ, ಕುರಿ ಬಿಡಬ್ಯಾಡಿ ಅಂದ್ರು ದೊಡ್ಡೋರು. ಈ ಉಡ್ಗಿ ಉಳ್ತಾಳಾ? ಆ ಉಡ್ಗ ಕುರಿಯಾ?"

"ಏನಾರ ಎಚ್ಚುಕಮ್ಮಿ ಆದ್ರೆ?"

"ಕೆಡಿಸಿದ್ದು ನಾನು. ಬಂದ್ರೆ ನನ್ ಮ್ಯಾಲೇ ಬರ್ಲಿ."

ಎಲ್ಲಪ್ಪ ಮುಖ ತಿರುಗಿಸಿಕೊಂಡರು. ದಡ ಹತ್ತಿ ಹೋದರು. ಮಾದಮ್ಮ ಅವರ ಬೆನ್ನನ್ನೇ ನೋಡುತ್ತಿದ್ದು, "ಚಪ್ಲಿ ಬುಟ್ಟು ಬನ್ನಿ" ಎಂದರು. ಕೊಳವೆ ಇಳಿಯುವಾಗ ಅದು ವಾಲದಂತೆ ಎರಡೂ ಕೈಯಲ್ಲಿ ಹಿಡಿದು ನಿಂತವರೂ ಅವರೇ.

ಪ್ರಯೋಗಾಲಯದಲ್ಲಿ ಕೊಳವೆಯ ಕೆಸರನ್ನು ಪದರ ಪದರವಾಗಿ ಕೊಯ್ದು ಅಳೆದೆವು. ನಡುವೆ ಒಂದೇ ಕಡೆ ಸೀಸಿಯಂ ಚೂಪಾಗಿ ಏರಿ ಇಳಿದಿತ್ತು. ಅಷ್ಟು ಸ್ಪಷ್ಟವಾದ ಏರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕಡಲಂಚಿನ ನಮ್ಮ ಮಸುಕು ಅಳತೆಗಳಿಗೆ ಅದರಿಂದಲೇ ವರ್ಷ ಗೊತ್ತುಮಾಡಲು ಸಾಧ್ಯವಾಯಿತು. ಪ್ರಮಾಣ ತೀರ ಅಲ್ಪ, ಕುರಿಗಾಗಲಿ ಮನುಷ್ಯರಿಗಾಗಲಿ ಕೇಡಿಲ್ಲದಷ್ಟು. ಕೊಳವೆಯ ತಳದಲ್ಲಿ ಬೂದು ಕೆಸರು ಮುಗಿದು ಕೆಂಪು ಮಣ್ಣು ಇತ್ತು. ಅದರಲ್ಲಿ ಸೀಸಿಯಂ ಇರಲೇ ಇಲ್ಲ.

ಅಳತೆ ಮುಗಿದ ಆ ಕೆಂಪು ಮಣ್ಣನ್ನು ಒಂದು ಡಬ್ಬಿಯಲ್ಲಿ ತೆಗೆದುಕೊಂಡು ನಾಗಮರೆಗೆ ಹೋದೆ. ಅಂಗಳದ ಮೇಲೆ ಆಗ ನೀರು ನಿಂತಿತ್ತು. ಮಾದಮ್ಮನ ಮನೆಯ ಜಗಲಿಯ ಮೇಲೆ ಇಬ್ಬರೂ ಇದ್ದರು. ಅತ್ತಿಗೆ ಒಂದು ತುದಿಗೆ, ಮೈದುನ ಇನ್ನೊಂದು ತುದಿಗೆ.

"ದೊಡ್ಡಮ್ಮ, ನಮ್ಮ ಕೆಲಸ ಕೈಗೂಡಿದ್ದು ನಿಮ್ಮಿಂದ," ಎಂದು ಡಬ್ಬಿ ಕೊಟ್ಟೆ. "ಇದು ನೀರು ಬರೋಕೆ ಮುಂಚಿನ ಅಂಗಳದ ಮಣ್ಣು. ಬಾಂಬಿನ ದೂಳು ಇದನ್ನ ಮುಟ್ಟೇ ಇಲ್ಲ."

ಮಾದಮ್ಮ ಮುಚ್ಚಳ ತೆಗೆದು ನೋಡಿದರು. ಡಬ್ಬಿಯನ್ನು ಎಲ್ಲಪ್ಪನ ಕಡೆ ಚಾಚಿದರು.

"ಇರು ಅತ್ತಿಗೆ," ಎಂದು ಎಲ್ಲಪ್ಪ ಎದ್ದರು. ಕೊಡದಿಂದ ನೀರು ಬಗ್ಗಿಸಿ ಕೈ ತೊಳೆದರು, ಪಂಚೆಗೆ ಒರೆಸಿಕೊಂಡರು, ಮತ್ತೆ ಬಂದು ಎರಡೂ ಅಂಗೈ ಒಡ್ಡಿದರು.