ಲಿವರಿಗೆ ಕಟ್ಟಿದ ಕರಿದಾರ

ಸಿಂದಗಿಯಿಂದ ಆಲಮೇಲದ ಸಾಲೆಗೆ ಇಂಗ್ಲಿಷ್ ಕಲಿಸಲು ಹನ್ನೊಂದು ವರ್ಷ ಬಸ್ಸಿನಲ್ಲಿ ನಿಂತು ಹೋದವಳು ನಾನು. ಬೆನ್ನಿಗೆ ಯಾರದೋ ಮೊಣಕೈ, ಕುತ್ತಿಗೆಗೆ ಯಾರದೋ ತಂಬಾಕಿನ ಉಸಿರು. ತೊಂಬತ್ತರ ದಶಕದ ಕೊನೆಗೆ ಮುದ್ದೇಬಿಹಾಳದ ನಿವೃತ್ತ ಅಧಿಕಾರಿಯೊಬ್ಬರಿಂದ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ಕೊಂಡಾಗ, ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಪೋಶ್ಚರ್‌ನಲ್ಲಿ ಇನ್ನಾದರೂ ಬೆನ್ನು ನೆಟ್ಟಗೆ ಮಾಡಿ ಕೂತು ಹೋಗಬಹುದು ಎಂದುಕೊಂಡೆ.

ಆ ಕಾರು ಬಂದ ದಿನದಿಂದಲೇ ಅರಚುತ್ತಿತ್ತು. ಆಕ್ಸಿಲರೇಟರ್ ಮೇಲೆ ಕಾಲಿಡದಿದ್ದರೂ ನಿಂತಲ್ಲೇ ಹಿಟ್ಟಿನ ಗಿರಣಿಯ ಸದ್ದು. ಕ್ಲಚ್ ಬಿಟ್ಟರೆ ಮುಂದಿನ ಟಾಂಗಾದ ಮೇಲೆ ಹಾರುವಂತಾಗುತ್ತಿತ್ತು. ಕಾಲೇಜಿನಲ್ಲಿ ಫಿಜಿಕ್ಸ್ ಹೇಳುತ್ತಿದ್ದ ನನ್ನ ಗಂಡ, ಎಲ್ಲಿಂದಲೋ ಗಾಳಿ ಎಳೆಯುತ್ತಿದೆ ಎಂದು ರಬ್ಬರ್ ಪೈಪುಗಳಿಗೆಲ್ಲ ಸಾಬೂನು ನೀರು ಸವರಿದರು. ಏನೂ ಸಿಗಲಿಲ್ಲ. ಭಾನುವಾರದೊಳಗೆ ಸರಿಹೋಗದಿದ್ದರೆ ಮಾರಿಬಿಡೋಣ, ನೀನು ಮತ್ತೆ ಬಸ್ಸಿಗೇ ಹೋಗು ಎಂದರು.

ಮೊದಲ ಮಿಸ್ತ್ರಿ, ಗಾಡಿ ನಿಂತಾಗ ಎಂಜಿನ್ನಿನ ವೇಗ ಹಿಡಿದಿಡುವ ಐಡಲ್ ಸ್ಕ್ರೂ ಪೂರ್ತಿ ಸಡಿಲಿಸಿದ. ಎರಡನೆಯವನು ಆಕ್ಸಿಲರೇಟರ್ ಕೇಬಲ್ ಹೊಸದು ಹಾಕಿದ. ಪ್ರಶ್ನೆ ಕೇಳಿದ್ದು ನಾನು, ಇಬ್ಬರೂ ಉತ್ತರ ಕೊಟ್ಟದ್ದು ನನ್ನ ಗಂಡನಿಗೆ. ಸದ್ದು ಮಾತ್ರ ಹಾಗೇ ಇತ್ತು.

ಶನಿವಾರ ಮಧ್ಯಾಹ್ನ ಗಂಡನ ಜೊತೆ ಎರಡನೆಯವನ ಗ್ಯಾರೇಜಿಗೆ ಹೋದಾಗ, ಎಂಜಿನ್ ಓಡುತ್ತಿರುವಂತೆಯೇ ನಾನೇ ಬಾನೆಟ್ಟಿನೊಳಗೆ ಬಗ್ಗಿದೆ. ಕೇಬಲ್ ಎಳೆಯುವ ಪುಟ್ಟ ಲಿವರಿಗೆ ಏಳೆಂಟು ಸುತ್ತು ಕರಿದಾರ, ಅದರಲ್ಲೊಂದು ತಾಮ್ರದ ತಾಯಿತ. ಗ್ರೀಸು, ಕುಂಕುಮ, ಧೂಳು ಮೆತ್ತಿ ಕೀವುಗಟ್ಟಿದ ಗಾಯದ ಪಟ್ಟಿಯಂತಿತ್ತು. ತಾಯಿತ ಅಡ್ಡ ಸಿಕ್ಕು ಲಿವರ್ ಪೂರ್ತಿ ಹಿಂದಕ್ಕೆ ಬರುತ್ತಿರಲಿಲ್ಲ. ಸ್ಕ್ರೂಡ್ರೈವರಿನಿಂದ ಅದನ್ನು ತುಸು ಸರಿಸಿದೆ, ಸದ್ದು ಇಳಿಯಿತು. ಬಿಟ್ಟೆ, ಮತ್ತೆ ಏರಿತು. ಸಿಂಪಲ್ ಕಾಮನ್‌ಸೆನ್ಸ್.

“ಇದು ನಿನಗ ಕಾಣಲಿಲ್ಲೇನಪಾ?” ಎಂದು ಮಿಸ್ತ್ರಿಯನ್ನು ಕೇಳಿದೆ.

“ಮೊದಲನೇ ದಿನಾನ ಕಂಡೈತ್ರಿ ಬಾಯಾರ. ಮಂತ್ರಿಸಿ ಕಟ್ಟಿದ್ದೈತಿ. ಕಟ್ಟಿದವರ ಬಿಚ್ಚಬೇಕ್ರಿ, ನಾವು ಮುಟ್ಟಂಗಿಲ್ಲ.”

“ಮತ್ತ ಕೇಬಲ್ ಯಾಕ ಬದಲಿ ಮಾಡಿದಿ?”

“ಏನರೆ ಮಾಡಬೇಕಲ್ರಿ.”

ಮೊದಲನೆಯವನಿಗೂ ಗೊತ್ತಿತ್ತಂತೆ. ಡಿಸ್‌ಗಸ್ಟಿಂಗ್ ಎಂದರೆ ಅಸಹ್ಯ ಎಂದು ಕ್ಲಾಸಿನಲ್ಲಿ ಎಷ್ಟು ಸಲ ಬರೆಸಿದ್ದೆನೋ, ಆ ಶಬ್ದದ ರುಚಿ ನಾಲಿಗೆಗೆ ಹತ್ತಿದ್ದು ಅವತ್ತು. ಗಂಡನ ಕಡೆ ನೋಡಿದೆ. ಅವರು ಮೆಲ್ಲಗೆ, ನಾಳೆ ಮುದ್ದೇಬಿಹಾಳಕ್ಕೆ ಹೋಗಿ ಆ ಅಧಿಕಾರಿಯ ಕೈಯಿಂದಲೇ ಬಿಚ್ಚಿಸೋಣ ಎಂದರು.

ಎಂಜಿನ್ ಬಂದ್ ಮಾಡಿ ಬ್ಲೇಡು ಕೇಳಿದೆ. ಯಾರೂ ಕೊಡಲಿಲ್ಲ. ಪರ್ಸಿನಲ್ಲಿದ್ದ ಪುಟ್ಟ ಕತ್ತರಿಯಿಂದ ಒಂದೊಂದೇ ಎಳೆ ಕತ್ತರಿಸಿದೆ. ತಾಯಿತ ಅಂಗೈಗೆ ಅಂಟಿಕೊಂಡಿತು. ಮಿಸ್ತ್ರಿ ಎರಡು ಹೆಜ್ಜೆ ಹಿಂದೆ ಸರಿದ. ಮೊದಲನೆಯವನು ಸಡಿಲಿಸಿದ್ದ ಸ್ಕ್ರೂ ಮಾತ್ರ ನಾನು ಹೇಳಿದಷ್ಟು ತಿರುಗಿಸಿ ಬಿಗಿ ಮಾಡಿದ. ಚಾವಿ ಹಾಕಿದರೆ ಎಂಜಿನ್ ತಗ್ಗಿದ ದನಿಯಲ್ಲಿ, ಒಂದೇ ಸಮನೆ ಓಡಿತು.

ಬಾಗಿಲು ತೆರೆದು ಗಂಡನಿಗಾಗಿ ಕಾದೆ. “ನೀ ಹೋಗು, ನಾ ನಡಕೋತ ಬರ್ತೇನಿ” ಅಂದರು.

ಮರುದಿನ, ಗಂಡ ಮೊದಲೇ ಹೇಳಿಟ್ಟಿದ್ದ ದಲ್ಲಾಳಿ ಕಾರು ನೋಡಲು ಬಂದ. ದಾರ ಕತ್ತರಿಸಿದ ಗಾಡಿಯನ್ನು ಇನ್ನೊಬ್ಬರ ಕೊರಳಿಗೆ ಕಟ್ಟಿ ಆ ಪಾಪ ಯಾರು ಹೊರಬೇಕು ಎಂದು ಅವರೇ ಅವನನ್ನು ವಾಪಸು ಕಳಿಸಿದರು. ಹೀಗೆ ಕಾರು ನನಗೆ ಉಳಿಯಿತು.

ಆ ಬೇಸಿಗೆಯಲ್ಲಿ ಬಾಗೇವಾಡಿಯಲ್ಲಿ ನಂಟರ ಮದುವೆ. ನನ್ನ ಗಂಡ ಕಾರು ಹತ್ತದೆ ಬಸ್ಸಿಗೆ ಮೊದಲೇ ಹೊರಟರು. ಅರ್ಧ ದಾರಿಯಲ್ಲಿ ನಾನು ಆ ಬಸ್ಸನ್ನು ದಾಟಿದೆ. ಕಿಟಕಿಯ ಪಕ್ಕ ಕೂತಿದ್ದ ಅವರು ನನ್ನನ್ನು ಕಂಡು, ಮುಖ ಆಚೆ ತಿರುಗಿಸಿಕೊಂಡರು.