ಉಪ್ಪುನೀರಿನ ಬೆಳಕು

ಕಾರಣವಿಲ್ಲದೆ ಯಾವುದೂ ಆಗುವುದಿಲ್ಲ ಎಂದು ತಿಳಿದು ಬದುಕಿದವನು ನಾನು. ರೈಲ್ವೆಯ ವಿದ್ಯುತ್ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದೆ. ದೀಪ ತಾನಾಗಿ ಹತ್ತುತ್ತದೆ, ಯಾರೂ ಮುಟ್ಟದೆ ಗಂಟೆ ಬಾರಿಸುತ್ತದೆ ಎಂದು ಜನ ಹೆದರಿ ಕರೆದಾಗಲೆಲ್ಲ ಹೋಗಿ ನೋಡಿದ್ದೇನೆ. ಪ್ರತಿ ಸಲವೂ ಒಂದು ಸಡಿಲ ತಂತಿಯೋ ಇಲಿ ಕಡಿದ ರಬ್ಬರೋ ಸಿಕ್ಕಿದೆ. ಹೆದರಿದವರನ್ನು ನೋಡಿ ನಾನು ನಕ್ಕದ್ದೂ ಉಂಟು. ಈಗ ನಾನು ಬರೆಯುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಕಂಡದ್ದನ್ನಷ್ಟೇ ಬರೆಯುತ್ತೇನೆ. ನೆನಪು ಮಸುಕಾದ ಕಡೆ ಮಸುಕಾಗಿದೆ ಎಂದೇ ಹೇಳುತ್ತೇನೆ.

ನಾಗಪುರ ಆಗ ಇನ್ನೂ ಮಧ್ಯಪ್ರದೇಶದ ರಾಜಧಾನಿಯಾಗಿತ್ತು. ಅಜನಿಯ ರೈಲ್ವೆ ಕಾಲೋನಿಯಲ್ಲಿ ನಮಗೆ ಎರಡು ಕೋಣೆಯ ಕ್ವಾರ್ಟರ್ಸು. ಹುಬ್ಬಳ್ಳಿ, ಗದಗಿನ ಕಡೆಯಿಂದ ವರ್ಗವಾಗಿ ಬಂದ ಕನ್ನಡದ ಮನೆಗಳು ಅಲ್ಲಿ ಸಾಕಷ್ಟಿದ್ದವು. ಸಂಕ್ರಾಂತಿಯ ಹೊತ್ತಿಗೆ ನಾವೆಲ್ಲ ಸೇರಿ ಕಾಲೋನಿಯ ಸಭಾಗೃಹದಲ್ಲಿ ಒಂದು ನಾಟಕ ಆಡುತ್ತಿದ್ದೆವು. ಬರೆಯುವವರೂ ಆಡಿಸುವವರೂ ಮಾಧವರಾಯರು. ಅಂಚೆ ಕಚೇರಿಯಲ್ಲಿ ಗುಮಾಸ್ತರು. ದೀಪದ ಕೆಲಸ ನನ್ನದು.

ಮೊದಲೆಲ್ಲ ಒಂದು ದೃಶ್ಯ ಮುಗಿದರೆ ಪರದೆ ಬೀಳುತ್ತಿತ್ತು. ಹಿಂದೆ ಮಂಚ ಎಳೆಯುವ ಸದ್ದು, ಮೊಳೆ ಹೊಡೆಯುವ ಸದ್ದು. ಮುಂದೆ ಕೂತವರು ಚಹಾಕ್ಕೆಂದು ಎದ್ದು ಹೋಗುತ್ತಿದ್ದರು, ಅರ್ಧ ಜನ ತಿರುಗಿ ಬರುತ್ತಿರಲಿಲ್ಲ. ಆ ವರ್ಷ ಮಾಧವರಾಯರು ಪರದೆಯೇ ಬೇಡ ಎಂದರು. ರಂಗದ ಎಡಭಾಗ ಮನೆ, ಬಲಭಾಗ ರೈಲ್ವೆ ಸ್ಟೇಷನ್ನು. ಮನೆಯ ಬೆಳಕು ಮೆಲ್ಲಗೆ ಇಳಿಯಬೇಕು, ಅದೇ ಹೊತ್ತಿಗೆ ಸ್ಟೇಷನ್ನಿನ ಬೆಳಕು ಮೆಲ್ಲಗೆ ಏರಬೇಕು. ಬೆಳಕು ಸರಿದ ಕಡೆಗೆ ನೋಡುವವರ ಕಣ್ಣೂ ಸರಿಯುತ್ತದೆ, ಕಥೆಯೂ ಸರಿಯುತ್ತದೆ.

ಬೆಳಕನ್ನು ಹಾಗೆ ಇಳಿಸಿ ಏರಿಸುವ ಯಂತ್ರ ಕೊಳ್ಳುವ ಶಕ್ತಿ ನಮಗಿರಲಿಲ್ಲ. ನಾನು ಉಪ್ಪುನೀರಿನಲ್ಲಿ ಮಾಡಿದೆ. ಚರಂಡಿಗೆ ಹಾಕುವ ದಪ್ಪನೆಯ ಮಣ್ಣಿನ ಕೊಳವೆ, ಎದೆಯೆತ್ತರದ್ದು, ಅದರ ತುಂಬ ನೀರು, ನೀರಿಗೆ ಒಂದಿಷ್ಟು ಉಪ್ಪು. ತಳದಲ್ಲಿ ಒಂದು ಸೀಸದ ಹಲ್ಲೆ, ಎಂದರೆ ಚಪ್ಪಟೆ ತಗಡು. ಇನ್ನೊಂದು ಹಲ್ಲೆಯನ್ನು ಹಗ್ಗಕ್ಕೆ ಕಟ್ಟಿ ರಾಟೆಯಿಂದ ಇಳಿಬಿಡುವುದು. ಎರಡು ಹಲ್ಲೆ ಹತ್ತಿರ ಬಂದಷ್ಟೂ ದೀಪ ಪ್ರಖರ, ದೂರ ಹೋದಷ್ಟೂ ಮಂದ. ಮೇಲಿನ ಹಲ್ಲೆ ನೀರು ಬಿಟ್ಟು ಹೊರಗೆ ಬಂತೆಂದರೆ ವಿದ್ಯುತ್ತಿಗೆ ದಾರಿಯೇ ಇಲ್ಲ, ದೀಪ ಆರಲೇಬೇಕು. ಇದನ್ನು ದಯವಿಟ್ಟು ನೆನಪಿಡಿ. ಎಡಗಡೆಯ ಕೊಳವೆ ನನ್ನ ಕೈಯಲ್ಲಿ, ಬಲಗಡೆಯದು ನನ್ನ ಕೈಕೆಳಗೆ ಕೆಲಸ ಮಾಡುತ್ತಿದ್ದ ಪಾಂಡುರಂಗನ ಕೈಯಲ್ಲಿ. ಅವನು ನಾಗಪುರದವನೇ, ನನ್ನಷ್ಟೇ ವಯಸ್ಸಿನವನು, ಮರಾಠಿ ಮಾತಾಡುವವನು. ನಾನು ಉಪ್ಪಿನ ಪೊಟ್ಟಣಗಳನ್ನು ಹೊತ್ತು ತಂದದ್ದನ್ನು ನೋಡಿ ಮಾಧವರಾಯರು, "ಏನ್ರೀ, ನಾಟಕ ಮಾಡವ್ರೋ ಉಪ್ಪಿನಕಾಯಿ ಹಾಕವ್ರೋ?" ಎಂದು ಎಲ್ಲರನ್ನೂ ನಗಿಸಿದರು.

ಇನ್ನು ನನ್ನ ಮನೆಯ ವಿಷಯ ಹೇಳಬೇಕು. ಅದಕ್ಕೆ ಒಂದೂವರೆ ವರ್ಷ ಮೊದಲು, ಮಳೆಗಾಲದಲ್ಲಿ, ನಮ್ಮ ಮಗಳು ಲೀಲಾ ಗಂಟಲುಬೇನೆಯಿಂದ ತೀರಿಕೊಂಡಳು. ನಾಲ್ಕು ವರ್ಷ ಎರಡು ತಿಂಗಳು. ಆಗ ನಮಗೆ ಬೇರೆ ಮಕ್ಕಳಿರಲಿಲ್ಲ. ಅವಳಿಗೆ ಕತ್ತಲೆಂದರೆ ಭಯ. ಮಲಗುವಾಗ ಕಂದೀಲಿನ ಬತ್ತಿಯನ್ನು ನಾನು ಒಮ್ಮೆಲೇ ಇಳಿಸುವಂತಿರಲಿಲ್ಲ. ಒಂದೊಂದು ಎಳೆಯಷ್ಟೇ ಇಳಿಸಬೇಕು. ಒಂದು ಮಟ್ಟಕ್ಕೆ ಬಂದಾಗ, "ಅಲ್ಲೇ ಇರ್ಲಿ ಅಪ್ಪಾ" ಎನ್ನುತ್ತಿದ್ದಳು. ನಾನು ತಿರುಪಿನ ಮೇಲೆ ಕೈಯಿಟ್ಟು ಕಾಯುತ್ತಿದ್ದೆ. ಅವಳಿಗೆ ನಿದ್ದೆ ಹತ್ತಿದ ಮೇಲೆ ನನ್ನ ಹೆಂಡತಿ ಗಿರಿಜಾ ಸುಮ್ಮನೆ ತಲೆಯಾಡಿಸುತ್ತಿದ್ದಳು. ಆಗ ಪೂರ್ತಿ ಆರಿಸುತ್ತಿದ್ದೆ.

ಮಗು ಹೋದ ಮೇಲೆ ಗಿರಿಜಾ ಮಾತು ಬಿಟ್ಟಳು ಎಂದರೆ ತಪ್ಪಾದೀತು. ಅಡಿಗೆ ಆತು, ನೀರು ಕಾದಾವು, ಇಷ್ಟು ಆಡುತ್ತಿದ್ದಳು. ಅದಕ್ಕಿಂತ ಹೆಚ್ಚಿಲ್ಲ.

ಮಾಧವರಾಯರು ನಾಟಕವನ್ನು ಓದಿದ್ದು ನಮ್ಮ ಮನೆಯಲ್ಲೇ. ಮೂರನೆಯ ದೃಶ್ಯದ ಕೊನೆಯಲ್ಲಿ ತಾಯಿಯೊಬ್ಬಳು ಮಗುವನ್ನು ತೊಟ್ಟಿಲಲ್ಲಿ ಮಲಗಿಸುತ್ತಾಳೆ, ಬೆಳಕು ಇಳಿಯುತ್ತದೆ. ಅಲ್ಲಿಗೆ ಬಂದಾಗ ಅವರು ಓದುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಒಳಗಿನ ಬಾಗಿಲಲ್ಲಿ ನಿಂತಿದ್ದ ಗಿರಿಜಾ, "ಆ ಪಾತ್ರ ನಾ ಮಾಡ್ತೀನ್ರಿ" ಎಂದಳು. ಆಗಿನ್ನೂ ನಮ್ಮಲ್ಲಿ ಹೆಣ್ಣಿನ ಪಾತ್ರವನ್ನು ಗಂಡಸರೇ ಸೀರೆಯುಟ್ಟು ಮಾಡುತ್ತಿದ್ದ ಕಾಲ. ಕೊನೆಗೆ ಮಾಧವರಾಯರೇ, "ಛಲೋ ಆತು ತಂಗೀ. ಈ ವರ್ಷ ಯಾರ ಮೀಸಿಗೂ ಕತ್ತರಿ ಬೀಳೂದಿಲ್ಲ" ಎಂದರು. ಗಿರಿಜಾ ನಕ್ಕಳು. ಒಂದೂವರೆ ವರ್ಷದ ಮೇಲೆ ನಾನು ಕಂಡ ನಗು ಅದು.

ತಾಲೀಮು ನಡೆದ ಆರು ವಾರ ನನ್ನ ಮನೆಗೆ ಮನುಷ್ಯರ ದನಿ ತಿರುಗಿ ಬಂತು. ಅವಳು ತೊಟ್ಟಿಲ ಅಂಚಿಗೆ ಕೈ ಇಟ್ಟ ಕೂಡಲೇ ನಾನು ಹಗ್ಗ ಎಳೆಯಲು ಶುರುಮಾಡಬೇಕು, ಹನ್ನೆರಡು ಎಣಿಸುವಷ್ಟರಲ್ಲಿ ಪೂರ್ತಿ ಕತ್ತಲೆ, ಆ ಕತ್ತಲಲ್ಲಿ ಅವಳು ಎದ್ದು ಒಳಗೆ ಹೋಗಬೇಕು. "ನಿಮ್ಮದು ಭಾಳ ಜಲ್ದಿ ಆಗತೈತಿ. ಕೂಸಿಗೆ ನಿದ್ದಿ ಹತ್ತಬ್ಯಾಡೇನು?" ಎಂದು ಊಟಕ್ಕೆ ಬಡಿಸುತ್ತ ಜಗಳ ತೆಗೆಯುತ್ತಿದ್ದಳು. ಆ ಜಗಳ ಮುಗಿಯದಿರಲಿ ಎಂದು ನಾನು ಬೇಕೆಂದೇ ವಾದ ಮಾಡುತ್ತಿದ್ದೆ.

ನಾಟಕ ಸಂಜೆ ಆರೂವರೆಗೆ ಶುರುವಾಯಿತು. ಮೊದಲೆರಡು ದೃಶ್ಯ ಸರಿಯಾಗಿ ಹೋದವು. ಮೂರನೆಯದರ ಕೊನೆಗೆ ಗಿರಿಜಾ ತೊಟ್ಟಿಲಿಗೆ ಕೈ ಇಟ್ಟಳು. ತೊಟ್ಟಿಲಲ್ಲಿ ಇದ್ದದ್ದು ಒಂದು ಬಟ್ಟೆಯ ಗಂಟು. ನಾನು ಎಣಿಸುತ್ತ ಹಗ್ಗ ಎಳೆದೆ. ಮನೆಯ ಭಾಗಕ್ಕೆ ನಾಲ್ಕು ದೀಪ, ನಾಲ್ಕಕ್ಕೂ ನನ್ನ ಕೊಳವೆಯಿಂದ ಹೋಗುವ ತಂತಿ ಒಂದೇ. ಹನ್ನೆರಡಕ್ಕೆ ಹಲ್ಲೆ ನೀರು ಬಿಟ್ಟು ಮೇಲೆ ಬಂತು. ಅದರಿಂದ ತೊಟ್ಟಿಕ್ಕುತ್ತಿದ್ದ ನೀರಿನ ಸದ್ದು ನನಗೆ ಕೇಳಿಸಿತು. ಮೂರು ದೀಪ ಆರಿದವು. ತೊಟ್ಟಿಲ ಮೇಲಿನದು ಆರಲಿಲ್ಲ.

ದೊಡ್ಡ ಬೆಳಕಲ್ಲ. ಕಂದೀಲಿನ ಬತ್ತಿಯನ್ನು ಬಹಳ ಇಳಿಸಿದಾಗ ಇರುವಷ್ಟು, ಅದೇ ಬಣ್ಣದ್ದು. ಬಲಗಡೆಯ ದೀಪಗಳನ್ನು ಪಾಂಡುರಂಗ ಇನ್ನೂ ಏರಿಸಿರಲಿಲ್ಲ, ನನ್ನದು ಆರಲೆಂದು ಕಾಯುತ್ತಿದ್ದ. ಅವನು ನನ್ನ ಹತ್ತಿರ ಬಂದು ಕೊಳವೆಯ ಮೇಲೆ ನೇತಾಡುತ್ತಿದ್ದ ಹಲ್ಲೆಯನ್ನು ನೋಡಿ, "ಸಾಹೇಬ, ಪತ್ರಾ ತರ ವರ ಆಹೆ" ಎಂದು ಪಿಸುಗುಟ್ಟಿದ. ಹಲ್ಲೆ ಮೇಲೇ ಇದೆಯಲ್ಲ ಎಂದು. ನಾನು ಕೈಚಾಚಿ ಎಡಭಾಗದ ಮುಖ್ಯ ಸ್ವಿಚ್ಚನ್ನೇ ಆರಿಸಿದೆ. ಬೆಳಕು ಇದ್ದ ಹಾಗೇ ಇತ್ತು.

ಅಭ್ಯಾಸಬಲದಿಂದ ನಾನು ಎಣಿಸುತ್ತಲೇ ಇದ್ದೆ. ಗಿರಿಜಾ ಏಳಲಿಲ್ಲ. ತೊಟ್ಟಿಲ ಮೇಲೆ ಬಾಗಿ ಕೂತಿದ್ದಳು. ನಲವತ್ತೊಂದು ಎಣಿಸಿದಾಗ ಅವಳು ಮುಖವೆತ್ತಿ ನಾನಿದ್ದ ಕಡೆಗೆ ತಿರುಗಿ ತಲೆಯಾಡಿಸಿದಳು. ನಾಟಕದಲ್ಲಿ ಹಾಗೆ ಮಾಡುವುದಿರಲಿಲ್ಲ. ಆಗ ಬೆಳಕು ಮೆಲ್ಲಗೆ ಇಳಿಯಿತು, ನಾನು ಬತ್ತಿ ಇಳಿಸುತ್ತಿದ್ದ ನಿಧಾನದಲ್ಲೇ ಇಳಿದು ಆರಿತು. ನನ್ನ ಎರಡೂ ಕೈ ಹಗ್ಗದ ಮೇಲೆ ಅಲುಗಾಡದೆ ಇದ್ದವು.

ಪ್ರೇಕ್ಷಕರಲ್ಲಿ ಕೆಲವರು ಅಳುತ್ತಿದ್ದುದು ಒಳಗೆ ಕೇಳಿಸುತ್ತಿತ್ತು. ನಾಟಕ ಮುಗಿದ ಮೇಲೆ ಮಾಧವರಾಯರು ಬಂದು ನನ್ನನ್ನು ತಬ್ಬಿಕೊಂಡು, "ಏನ್ ಬೆಳಕ್ರೀ ಅದು! ನನಗೂ ಹೇಳಲಾರ್ದ ಮಾಡಿದ್ರಲ್ಲ" ಎಂದರು. ಅದು ನನ್ನದಲ್ಲ ಎಂದು ಅಲ್ಲೇ, ಎಲ್ಲರೆದುರಿಗೆ ಹೇಳಬೇಕಿತ್ತು. ಹೇಳಲಿಲ್ಲ.

ಮನೆಗೆ ನಡೆದು ಬರುವಾಗ ಗಿರಿಜಾ, "ನೀವಲ್ಲ, ಹೌದಲ್ಲ?" ಎಂದಳು. ನಾನಲ್ಲ ಎಂದೆ. "ನನಗ ಗೊತ್ತು. ಅಕೀಗೆ ನಿದ್ದಿ ಹತ್ತೂ ತನಕ ನಿಂತಿತ್ತು" ಎಂದಳು. ತೊಟ್ಟಿಲಲ್ಲಿ ಏನು ಕಂಡೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮರುದಿನ ಅವಳು ಟ್ರಂಕಿನಿಂದ ಲೀಲಾಳ ಫ್ರಾಕುಗಳನ್ನು ತೆಗೆದು ಬಿಸಿಲಿಗೆ ಹರವಿ, ಅವುಗಳ ನಡುವೆ ಕೂತು ಕಿತ್ತಲೆ ಸುಲಿದು ತಿಂದಳು. ನೆರೆಮನೆಯ ಮಕ್ಕಳನ್ನು ಕರೆದು ತೊಳೆ ಹಂಚಿದಳು. ಆ ಮಕ್ಕಳನ್ನು ಅವಳು ಕಣ್ಣೆತ್ತಿ ನೋಡದೆ ಒಂದೂವರೆ ವರ್ಷವಾಗಿತ್ತು.

ನಾನು ಸಭಾಗೃಹಕ್ಕೆ ಹೋಗಿ ತಂತಿಗಳನ್ನು ಗೇಣುಗೇಣಾಗಿ ಪರೀಕ್ಷಿಸಿದೆ. ಕೊಳವೆಯ ಒಳಮೈ ಒದ್ದೆಯಾಗಿದ್ದರಿಂದ ಅದರ ಮೂಲಕ ಸ್ವಲ್ಪ ವಿದ್ಯುತ್ತು ಹರಿದಿರಬಹುದೇ ಎಂದು ಮತ್ತೆ ಮತ್ತೆ ಹಲ್ಲೆ ಎತ್ತಿ ನೋಡಿದೆ. ಪ್ರತಿ ಸಲವೂ ನಾಲ್ಕೂ ದೀಪ ಒಟ್ಟಿಗೇ ಆರಿದವು. ಹರಿದಿದ್ದರೂ ಒಂದೇ ದೀಪ ಏಕೆ ಉರಿಯಬೇಕು? ಮುಖ್ಯ ಸ್ವಿಚ್ಚು ತೆಗೆದ ಮೇಲೆ ಹೇಗೆ ಉರಿಯಬೇಕು? ಬೇರೆ ಕಡೆಯ ಬೆಳಕು ಬಿದ್ದಿರಬಹುದೇ ಎಂದು ಕಿಟಕಿಗಳನ್ನೂ ನೋಡಿದೆ. ಆ ಕಡೆ ಕಿಟಕಿಯೇ ಇರಲಿಲ್ಲ.

ಒಂದು ತಿಂಗಳಾದ ಮೇಲೆ ಪಕ್ಕದ ಊರಾದ ಕಾಮಠಿಯ ಕನ್ನಡದವರು ಅದೇ ನಾಟಕ ಆಡಿರೆಂದು ಕರೆದರು. ಗಿರಿಜಾ ದಿನ ಎಣಿಸತೊಡಗಿದಳು. ಹೊರಡುವ ದಿನ ತಲೆಗೆ ಸ್ನಾನ ಮಾಡಿ, ಹೂ ಮುಡಿದು, "ಇವತ್ತೂ ನಿಲ್ತೈತಲ್ರಿ?" ಎಂದು ಕೇಳಿದಳು. ತೊಟ್ಟಿಲ ಮೇಲೆ ಕತ್ತಲೆ ಬಿದ್ದಾಗ ಅವಳ ಮುಖ ಹೇಗಾದೀತು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಅದಕ್ಕಾಗಿ ನಾನು ಮೊದಲೇ ಒಂದು ಸಿದ್ಧತೆ ಮಾಡಿಕೊಂಡಿದ್ದೆ. ತೊಟ್ಟಿಲ ಮೇಲಿನ ದೀಪಕ್ಕೆ ಬೇರೆ ತಂತಿ, ಬೇರೆಯ ಸಣ್ಣ ಕೊಳವೆ. ಪಾಂಡುರಂಗ ತಂತಿ ಕಟ್ಟಿಕೊಟ್ಟ. ಕಟ್ಟುತ್ತ, "ಸಾಹೇಬ, ರಾಹೂ ದ್ಯಾ ನಾ" ಎಂದ, ಬಿಟ್ಟುಬಿಡಿ ಎಂಬ ಅರ್ಥದಲ್ಲಿ. ನಾನು ಕೇಳಲಿಲ್ಲ.

ಕಾಮಠಿಯಲ್ಲಿ ಹನ್ನೆರಡಕ್ಕೆ ಮೂರು ದೀಪ ಆರಿದವು, ತೊಟ್ಟಿಲ ಮೇಲಿನದು ಉಳಿಯಿತು. ಅಷ್ಟೇ ಮಂದ, ಅದೇ ಬಣ್ಣ. ಇಡೀ ವಾರ ಅದನ್ನೇ ಹೊಂದಿಸಿದ್ದೆ. ಗಿರಿಜಾ ಬಾಗಿದಳು. ಐದಾರು ಎಣಿಸುವಷ್ಟು ಹೊತ್ತು ಹಾಗೇ ಇದ್ದಳು. ಆಮೇಲೆ ಮುಖವೆತ್ತಿ ನೇರವಾಗಿ ನಾನಿದ್ದ ಕಡೆ ನೋಡಿದಳು. ತಲೆಯಾಡಿಸಲಿಲ್ಲ. ಆ ಬೆಳಕಿನಲ್ಲೇ ಎದ್ದು, ಎಲ್ಲರೂ ನೋಡುತ್ತಿದ್ದಂತೆ, ಇನ್ನೊಂದು ಕಡೆಯಿಂದ ಒಳಗೆ ಹೋದಳು. ಬರಿಯ ತೊಟ್ಟಿಲ ಮೇಲೆ ದೀಪ ಉರಿಯುತ್ತಲೇ ಇತ್ತು. "ಆರಸ್ರೀ ಅದನ್ನ, ಆರಸ್ರೀ!" ಎಂದು ಮಾಧವರಾಯರು ಹಿಂದಿನಿಂದ ಹಲ್ಲು ಕಚ್ಚಿ ಹೇಳಿದ ಮೇಲೆ ನನಗೆ ಎಚ್ಚರವಾಯಿತು.

ಮನೆಗೆ ಬಂದು ಸೀರೆ ಮಡಿಸುತ್ತ ಗಿರಿಜಾ ಕೇಳಿದಳು, "ಹಂಗಾರ ಅವತ್ತೂ ನೀವ?"

ಅಲ್ಲ ಎಂದೆ. ಇವತ್ತಿನದು ನಾನು ಮಾಡಿದ್ದು, ಅವತ್ತಿನದಲ್ಲ ಎಂದೆ. ಲೀಲಾಳ ಆಣೆ ಎಂದೆ. "ಅಕೀ ಮ್ಯಾಲ ಆಣಿ ಹಾಕಬ್ಯಾಡ್ರಿ" ಎಂದಳು. ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ನಾನು ಹೇಗಾದರೂ ತಡೆದುಕೊಳ್ಳುತ್ತಿದ್ದೆ. ಮರುದಿನ ಪಾಂಡುರಂಗನನ್ನು ಕರೆತಂದು ಕಂಡದ್ದನ್ನು ಹೇಳಿಸಿದೆ. ಅವನು ಎಲ್ಲವನ್ನೂ ಸರಿಯಾಗಿಯೇ ಹೇಳಿದ. ಅವಳು ಅವನಿಗೆ ಚಹಾ ಕೊಟ್ಟು, ಕಾಮಠಿಯಲ್ಲಿ ತಂತಿ ಕಟ್ಟಿದ್ದು ಯಾರು ಎಂದು ಹಿಂದಿಯಲ್ಲಿ ಕೇಳಿದಳು. ಅವನು ತಲೆ ತಗ್ಗಿಸಿದ. ಅಲ್ಲಿಗೆ ಅವನ ಸಾಕ್ಷಿಯೂ ಮುಗಿಯಿತು.

ಅವಳು ಮತ್ತೆ ನಾಟಕದಲ್ಲಿ ಪಾತ್ರ ಮಾಡಲಿಲ್ಲ. ನಾನೂ ದೀಪದ ಕೆಲಸ ಬಿಟ್ಟೆ. ನಮಗೆ ಮುಂದೆ ಒಬ್ಬ ಮಗ ಹುಟ್ಟಿದ, ನಾಗಪುರದಿಂದ ವರ್ಗವೂ ಆಯಿತು, ಮೂವತ್ತು ವರ್ಷ ಒಟ್ಟಿಗೆ ಬಾಳಿದೆವು. ಗಿರಿಜಾ ನನ್ನನ್ನು ಎಂದೂ ದೂರಲಿಲ್ಲ. ಕಾಮಠಿಯಲ್ಲಿ ನಾನು ಏನು ಮಾಡಿದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಅಜನಿಯಲ್ಲಿ ಏನಾಯಿತು ಎಂಬುದು ಇಂದಿಗೂ ಗೊತ್ತಿಲ್ಲ.

ಅವಳ ಕೊನೆಯ ಕಾಯಿಲೆಯಲ್ಲಿ ಒಂದು ಮಧ್ಯಾಹ್ನ ಅವಳೇ ಆ ಮಾತು ತೆಗೆದಳು. "ಈಗರ ಖರೇ ಹೇಳ್ರಿ, ಅವತ್ತು ಯಾರು?" ಎಂದಳು. ನಾನಲ್ಲ ಗಿರಿಜಾ, ಯಾರೆಂದು ನನಗೆ ತಿಳಿಯದು ಎಂದೆ. ಅವಳು "ಆತು ಬಿಡ್ರಿ" ಎಂದು ಗೋಡೆಯ ಕಡೆ ಹೊರಳಿದಳು. ನಂಬಿದವರೂ ಹಾಗೆನ್ನುತ್ತಾರೆ, ನಂಬದವರೂ ಹಾಗೆನ್ನುತ್ತಾರೆ.