ಮುಕ್ಕುಂದದ ದಂಡೆಯ ಕೆಂಪು ಕಲ್ಲು

ಕಾಲುವೆಗೆ ನೀರು ಬಂದ ಮೇಲೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಕಾಲುವೆಯದೇ ಮಾತು. ಸಿಂಧನೂರಿನ ಚಹಾದಂಗಡಿಯಲ್ಲಿ ಕುಳಿತರೂ ಅದೇ, ಮಸ್ಕಿಯ ಬಸ್ಸು ಹತ್ತಿದರೂ ಅದೇ. ಹೊಳೆಯನ್ನು ಕೇಳುವವರಿರಲಿಲ್ಲ. ನೀರಾವರಿ ಕಚೇರಿಯವರು ನನ್ನನ್ನು ಮಾತ್ರ ಹೊಳೆಗೆ ಹಾಕಿದರು. ಮುಕ್ಕುಂದದ ಹತ್ತಿರ ತುಂಗಭದ್ರೆ ವರ್ಷಕ್ಕೆ ಎಷ್ಟು ದಂಡೆ ತಿನ್ನುತ್ತದೆ, ಮುಂದೆ ಯಾವ ಕಡೆ ಹೊರಳುತ್ತದೆ ಎಂದು ಅಳೆದು ಬರೆಯುವ ಕೆಲಸ. ಆಗ ನನಗೆ ಇಪ್ಪತ್ತೈದರ ಸೊಕ್ಕು. ಕೈಯಲ್ಲಿ ಅಳತೆಯ ಸರಪಳಿ ಇದ್ದವನಿಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ ಎಂದುಕೊಂಡಿದ್ದೆ.

ದಂಡೆಗೆ ಹೊಂದಿಕೊಂಡ ಹೊಲಗಳಲ್ಲಿ ಮೊಣಕಾಲೆತ್ತರದ ಕಲ್ಲು ನೆಟ್ಟು ತಲೆಗೆ ಕೆಂಪು ಬಣ್ಣ ಬಳಿದಿದ್ದೆವು. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಕಲ್ಲಿನಿಂದ ದಂಡೆಯ ಅಂಚಿನವರೆಗೆ ಸರಪಳಿ ಹಿಡಿಯಬೇಕು. ಅಂತರ ಎಷ್ಟು ಕಡಿಮೆಯಾಗಿದೆಯೋ ಅಷ್ಟನ್ನು ಹೊಳೆ ತಿಂದಿದೆ ಎಂದು ಲೆಕ್ಕ. ಅದಕ್ಕೂ ಮೊದಲು ಊರ ಬಾವಿಯ ಕಟ್ಟೆಯಿಂದ ಅಳೆದು, ಕಲ್ಲು ಕದಲಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕಿತ್ತು. ಬಾವಿ ದೂರ, ನಡುವೆ ಬರೀ ಜಾಲಿಮುಳ್ಳು. ಮೊದಲ ವರ್ಷ ಅಳೆದೆ, ಆಮೇಲೆ ಬಿಟ್ಟೆ. ಕಲ್ಲಿಗೇನು ಕಾಲು ಬರುತ್ತವೆಯೇ ಎಂಬ ಉಡಾಫೆ.

ಒಂದು ಕಲ್ಲು ಮುದುಕಿಯೊಬ್ಬಳ ಹೊಲದಲ್ಲಿತ್ತು. ಅದರ ಹಿಂದೆ, ಸ್ವಲ್ಪ ಒಳಗೆ, ಆಕೆಯ ಒಬ್ಬನೇ ಮಗನನ್ನು ಮಣ್ಣು ಮಾಡಿದ್ದರು. ವಾಂತಿಭೇದಿಯಲ್ಲಿ ಹೋದವನು. ಹೊಳೆ ಬರುವುದು ಖಚಿತವಾದರೆ ಮಾತ್ರ ಸಮಾಧಿ ಕದಲಿಸು, ಸುಮ್ಮಸುಮ್ಮನೆ ಮುಟ್ಟಬೇಡ ಎಂದು ಊರ ಹಿರಿಯರು ಆಕೆಗೆ ಹೇಳಿದ್ದರು. ಹೀಗಾಗಿ ನಾನು ಹೋದಾಗಲೆಲ್ಲ ಆಕೆಯದು ಒಂದೇ ಪ್ರಶ್ನೆ.

“ಹೊಳಿ ಇಲ್ಲಿಗಿ ಯಾವಾಗ ಬರತೈತಿ ಹೇಳಪಾ. ಬರೂದು ಖರೇ ಅಂದ್ರ ಅವನ್ನ ಎತ್ತಿ ಮ್ಯಾಲಿನ ಹೊಲದಾಗ ಮಲಗಸ್ತೀನಿ. ಇಲ್ಲಂದ್ರ ಮಲಗಿದಾವನ್ನ ಯಾಕ ಎಬ್ಬಸಲಿ?”

ಮೂರನೆಯ ವರ್ಷ ಸರಪಳಿ ಹಿಡಿದೆ. ಅಂತರ ಹೆಚ್ಚುಕಡಿಮೆ ಹಿಂದಿನಷ್ಟೇ ಇತ್ತು. ಕಲ್ಲಿಗೆ ಯಾರೋ ಕುಂಕುಮ ಹಚ್ಚಿದ್ದರು. ನಾನು ನಕ್ಕು ಸರಪಳಿ ಸುತ್ತಿಕೊಂಡೆ.

“ಹೊಳಿ ಸನೇಕ ಬಂದಂಗ ಕಾಣತೈತಲ್ಲಪಾ,” ಎಂದಳು.

“ನಿನ್ನ ಕಣ್ಣಿಗಿ ಹಂಗ ಕಾಣತೈತಿಬೇ ಯವ್ವಾ. ಸರಪಳಿ ಸುಳ್ಳ ಹೇಳಂಗಿಲ್ಲ. ಇನ್ನ ಹತ್ತ ವರ್ಷ ಚಿಂತಿ ಮಾಡಬ್ಯಾಡ.”

ಆಕೆ ತನ್ನ ಕಣ್ಣನ್ನು ಬಿಟ್ಟು ನನ್ನ ಮಾತನ್ನು ನಂಬಿದಳು.

ಮರುವರ್ಷ ಹೊಳೆ ತುಂಬಿ ಬಂತು. ತುಂಬಿದಾಗ ಏನೂ ಆಗಲಿಲ್ಲ. ನೀರು ಇಳಿಯುವಾಗ ನೆನೆದ ದಂಡೆ ದೊಡ್ಡ ದೊಡ್ಡ ಹೆಂಟೆಯಾಗಿ ಕುಸಿಯಿತು. ಸುದ್ದಿ ಕೇಳಿ ಹೋದೆ. ಸಮಾಧಿ ಇರಲಿಲ್ಲ. ಹೊಳೆಗೂ ಸಮಾಧಿಗೂ ನಡುವೆ ಇರಬೇಕಾಗಿದ್ದ ನನ್ನ ಕಲ್ಲು ಮಾತ್ರ ಕುಂಕುಮ ಹಚ್ಚಿಕೊಂಡು ಹೊಲದ ಒಳಗೆ ನಿಂತಿತ್ತು. ಮುಳ್ಳು ತುಳಿದುಕೊಂಡು ಬಾವಿಯಿಂದ ಅಳೆದೆ. ಕಲ್ಲು ನೂರು ಅಡಿಗೂ ಹೆಚ್ಚು ಹಿಂದೆ ಬಂದಿತ್ತು.

ಈ ಕಲ್ಲನ್ನು ಯಾರು ಸರಿಸಿದರು ಎಂದು ಕೇಳಿದೆ.

“ನಾನೇ,” ಎಂದಳು. “ದಂಡಿ ಸನೇಕ ಬಂದಾಗೊಮ್ಮೆ ಇಬ್ಬರನ್ನ ಕರದು ಹಿಂದಕ ನಡಸೀನಿ. ಕುಂಕುಮ ಹಚ್ಚಿದ ಕಲ್ಲ ಹೊಳಿ ಪಾಲಾಗಬಾರದು. ನಿನ್ನ ನೌಕರಿಗೂ ಧಕ್ಕಿ ಆಗತೈತಿ. ಈ ಸಲ ದಂಡಿ ಬಿರುಕ ಬಿಟ್ಟಾಗ ಮೊದಲ ನಿನ್ನ ಕಲ್ಲ ಎತ್ತಿಸಿದೆ.”

“ಮಗನ್ನ?”

“ನೀ ಹತ್ತ ವರ್ಷ ಅಂದಿದ್ದಿಯಲ್ಲಪಾ.”

ಆಕೆ ನನ್ನ ಮುಖ ನೋಡಿ ಗಾಬರಿಯಾದಳು. “ಯಾಕ, ಕಲ್ಲ ಸರಸಿದ್ದು ತಪ್ಪಾತೇನು?”

“ಇಲ್ಲಬೇ ಯವ್ವಾ,” ಎಂದೆ. ದಂಡೆ ಕುಸಿದಷ್ಟೇ ಕಲ್ಲೂ ಹಿಂದೆ ಸರಿದದ್ದರಿಂದ ನನ್ನ ಲೆಕ್ಕ ತಪ್ಪಿತೆಂದು ನಿಜ ಹೇಳಿದ್ದರೆ, ಮಗನ ಸಮಾಧಿ ಕಳೆದುಕೊಂಡ ತಪ್ಪೂ ಆಕೆಯ ತಲೆಗೇ ಬರುತ್ತಿತ್ತು. ತಪ್ಪು ನನ್ನದು. ಬಾವಿಯಿಂದ ಅಳೆಯಲು ಸೋಮಾರಿತನ ಮಾಡಿದವನು ನಾನು. ಅದನ್ನು ಹೇಳುವ ಧೈರ್ಯವೂ ಬರಲಿಲ್ಲ.

ಆಕೆ ಹೊಳೆಯ ಕಡೆ ನೋಡಿ ಕೇಳಿದಳು: “ಇಲ್ಲಿ ತಿಂದ ಮಣ್ಣ ಹೊಳಿ ಎಲ್ಲಿ ಹಾಕತೈತಿ? ನೀ ಓದಿದಾವ, ನಿನಗ ಗೊತ್ತಿರತೈತಿ.”

ಆಚೆ ದಂಡೆಯ ಕೆಳಗೆ ಹೊಸದಾಗಿ ಎದ್ದಿದ್ದ ಮರಳಿನ ದಿಬ್ಬದ ಕಡೆ ಕೈ ತೋರಿಸಿದೆ. ಅಳೆದು ಹೇಳಿದ್ದಲ್ಲ, ಬಾಯಿಗೆ ಬಂದದ್ದು. ಆಕೆ ಅದನ್ನೂ ನಂಬಿದಳು. ತಲೆಯ ಮೇಲೆ ಸೆರಗು ಎಳೆದುಕೊಂಡು ದಿಬ್ಬದತ್ತ ತಿರುಗಿ ಕೈಮುಗಿದಳು.